ಬಿದಿರಿನ ಕೊಳವೆಯಲ್ಲಿ ನೀರು ನೋಡುತ್ತಿದ್ದವರು

ಮೃತ್ಯುಂಜಯಪ್ಪನವರು ಹಠಮಾರಿ, ಜೀವಮಾನದಲ್ಲಿ ಒಂದು ತಪ್ಪನ್ನೂ ಒಪ್ಪಿಕೊಂಡವರಲ್ಲ. ಅವರ ತಮ್ಮನ ಹೆಂಡತಿ ಪ್ರೇಮಲೀಲಾ ಮದುವೆಯಾಗಿ ಹಿನಕಲ್ಲಿಗೆ ಬಂದ ವರ್ಷವೇ ಹೀಗೆಂದು ತೀರ್ಮಾನಿಸಿದ್ದಳು. ಗಂಡ ತೀರಿಕೊಂಡು, ತೋಟದ ಮೇಲ್ತುದಿಯ ಮೂರು ಸಾಲು ವೀಳ್ಯದೆಲೆ ಹಂಬು ಅವಳ ಪಾಲಿಗೆ ಬಂದ ಮೇಲೂ ಅದನ್ನು ಬದಲಿಸಲು ಕಾರಣ ಸಿಕ್ಕಿರಲಿಲ್ಲ.

ಈಗ ಅಲ್ಲೆಲ್ಲ ಬಡಾವಣೆ. ಬಾವಿಯಿದ್ದಲ್ಲಿ ಯಾರದೋ ಕಾರು ನಿಲ್ಲುತ್ತದೆ. ತೊಂಬತ್ತರ ದಶಕದಲ್ಲಿ ಕೆರೆ ಏರಿಯ ಕೆಳಗಿನ ಆ ಇಳಿಜಾರಿನಲ್ಲಿ ಅರ್ಧ ಆಳು ಅಗೆದರೆ ನೀರು. ಬೆಳಿಗ್ಗೆ ತೋಟಕ್ಕೆ ಕಾಲಿಟ್ಟರೆ ಅಂಗಾಲು ತಣ್ಣಗಾಗುತ್ತಿತ್ತು. ಚಿಗುರೆಲೆಯ ಖಾರದ ವಾಸನೆ ಸೆರಗಿಗೆ ಅಂಟಿ ಮನೆಯವರೆಗೂ ಬರುತ್ತಿತ್ತು.

ತೋಟದ ಕೆಳತುದಿಯಲ್ಲಿ ಗೆಣ್ಣು ಒಡೆದ ಬಿದಿರೊಂದನ್ನು ಹೂತಿದ್ದರು. ಮೃತ್ಯುಂಜಯಪ್ಪ ದಿನಾ ಅದರೊಳಗೆ ಒಂದು ಕೋಲು ಇಳಿಸುತ್ತಿದ್ದರು. ಅವರ ತಂದೆ ಕೊರೆದ ಗೀಟಿನವರೆಗೆ ಕೋಲು ಒದ್ದೆಯಾದರೆ ಮೋಟರು ಹಾಕುವಂತಿಲ್ಲ. ಬೇರು ಕೆಳಗಿನ ನೀರನ್ನು ಕುಡಿದುಕೊಳ್ಳುತ್ತದೆ, ಮೇಲಿಂದ ಸುರಿದರೆ ಕೊಳೆಯುತ್ತದೆ ಎನ್ನುವುದು ಅವರ ಲೆಕ್ಕ. ಕರೆಂಟು ಪುಕ್ಕಟೆಯೆಂದು ಹಗಲಿಡೀ ನೀರು ಬಿಟ್ಟ ಪಕ್ಕದ ತೋಟದ ಬಸವರಾಜುವಿನ ಅರ್ಧ ಹಂಬು ಕೊಳೆತೇ ಹೋಗಿತ್ತು. ಆದರೂ ಅವನ ಬಾಯಿ ಸುಮ್ಮನಿರುತ್ತಿರಲಿಲ್ಲ.

"ನಿಮ್ಮ ಭಾವನೋರು ನೀರನ್ನೂ ವಿಭೂತಿ ಥರ ಮೂರು ಬೆರಳಲ್ಲಿ ಬಳೀತಾರೆ ಕಣಮ್ಮ!"

ತೊಂಬತ್ತೇಳರ ಬೇಸಿಗೆಯಲ್ಲಿ ಪ್ರೇಮಲೀಲಾಳ ಸಾಲುಗಳ ಎಲೆ ಜೋಲುಬಿದ್ದವು. ಆ ಮೂರು ಸಾಲು ಹೋದರೆ ಅವಳಿಗೆ ಬೇರೆ ಜೀವನವಿರಲಿಲ್ಲ. ಮೋಟರು ಮನೆಯ ಬೀಗದ ಕೈ ಮಾತ್ರ ಭಾವನ ಉಡಿದಾರದಲ್ಲಿ.

"ಭಾವ, ಒಂದು ಗಂಟೆ ನೀರು ಬಿಡಿ. ಹಂಬು ಒಣಗ್ತಾ ಐತೆ."

"ಕೋಲು ಒದ್ದೆ ಐತಲ್ಲಮ್ಮ."

"ಕೋಲು ಒದ್ದೆಯಾಗಿದ್ರೆ ನನ್ನ ಹಂಬಿಗೇನು ಬಂತು?"

"ನಮ್ಮಪ್ಪನ ಗೀಟು ಇವತ್ತಿನವರೆಗೂ ಸುಳ್ಳು ಹೇಳಿಲ್ಲ."

ಮಾರನೆಯ ದಿನವೂ ಅದೇ ಉತ್ತರ. ಮೂರನೆಯ ದಿನ ಅವಳು ಗುದ್ದಲಿ ಹಿಡಿದು ತನ್ನ ಸಾಲಿನ ನಡುವೆ ಸೊಂಟದುದ್ದ ಅಗೆದಳು. ತಳದ ಮಣ್ಣನ್ನು ಸೆರಗಿನಲ್ಲಿ ತಂದು ಜಗಲಿಯ ಮೇಲೆ ಅವರ ಮುಂದೆ ಸುರಿದಳು. ಹೆಂಟೆ ಪುಡಿಯಾಗಿ ಧೂಳೆದ್ದಿತು.

"ಕೋಲು ನಿಮ್ಮ ತಗ್ಗಿನಲ್ಲೈತೆ ಭಾವ. ನನ್ನ ಹಂಬು ದಿಣ್ಣೇಲೈತೆ."

"ಮಣ್ಣು ಹೊತ್ಕೊಂಡು ನ್ಯಾಯಕ್ಕೆ ಬಂದ್ಬುಟ್ಟೆಯಾ?" ಎಂದವರೇ ಎದ್ದು ಒಳಗೆ ಹೋದರು. ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ.

ಬೆಳಿಗ್ಗೆ ಅವಳು ಬಾವಿಯಿಂದ ಕೊಡದಲ್ಲಾದರೂ ಹೊತ್ತು ಹಾಕೋಣವೆಂದು ತೋಟಕ್ಕೆ ಹೋದಳು. ಅವಳು ಅಗೆದ ಗುಂಡಿಯನ್ನು ಇನ್ನೂ ಆಳ ಮಾಡಿ ಹೊಸ ಬಿದಿರು ನಿಲ್ಲಿಸಿತ್ತು, ಸುತ್ತ ಮಣ್ಣು ತುಳಿದು ಗಟ್ಟಿ ಮಾಡಿತ್ತು. ಮೃತ್ಯುಂಜಯಪ್ಪ ಅದರೊಳಗಿಂದ ಕೋಲು ಎತ್ತಿ ನೋಡುತ್ತಿದ್ದರು. ತಂದೆಯ ಗೀಟಿಗೂ ಒದ್ದೆಗೂ ನಡುವೆ ಒಂದು ಗೇಣು ಒಣಗಿದ ಕೋಲು.

ಏನಾದರೂ ಹೇಳುತ್ತಾರೆಂದು ಅವಳು ಕಾದಳು.

"ಬಿದಿರು ಅಷ್ಟು ನೇರ ಸಿಗಲಿಲ್ಲ," ಎಂದರು.

ಆಮೇಲೆ ಕೋಲನ್ನು ಅವಳ ಕೈಗೆ ಕೊಟ್ಟರು. ಉಡಿದಾರದಿಂದ ಬೀಗದ ಕೈ ಬಿಚ್ಚಿ ಬಿದಿರಿನ ಬಾಯಿಗೆ ನೇತುಹಾಕಿ, ಅವಳ ಕೊಡವನ್ನು ಎತ್ತಿಕೊಂಡು ಬಾವಿಯ ಕಡೆ ನಡೆದರು.