ಇಪ್ಪತ್ತು ನಿಮಿಷ ಮಾಯವಾದ ಸ್ಕೂಲ್ ವ್ಯಾನು

ಮದ್ದೂರಿನಲ್ಲಿ ಒಂದು ಸ್ಕೂಲ್ ವ್ಯಾನು ದಿನಾ ಮಧ್ಯಾಹ್ನ ಮೂರೂವರೆಗೆ ಮಾಯವಾಗುತ್ತಿತ್ತು. ರಸ್ತೆಯಿಂದಲ್ಲ, ಅಪ್ಪ ಅಮ್ಮಂದಿರ ಮೊಬೈಲಿನ ಮ್ಯಾಪಿನಿಂದ. ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಪ್ರತ್ಯಕ್ಷ.

ನನ್ನ ಮಗಳು ಮನೆಗೆ ಬರುವುದೂ ಅದರಲ್ಲೇ. ವಾಟ್ಸಾಪ್ ಗ್ರೂಪು ಸುಮ್ಮನಿರುತ್ತದೆಯೇ? ಡ್ರೈವರ್ ಮಾದೇಶ ಜಿಪಿಎಸ್ ಆಫ್ ಮಾಡಿಕೊಂಡು ಬೇರೆ ಬಾಡಿಗೆ ಹೊಡೆಯುತ್ತಿದ್ದಾನೆ ಎಂದು ಒಬ್ಬರು ಬರೆದರು. ಉಳಿದವರು ಅದಕ್ಕೆ ಹೆಬ್ಬೆರಳು ಎತ್ತಿದರು. (ಅದರಲ್ಲಿ ನನ್ನದೂ ಒಂದು.) ಸೋಮವಾರದಿಂದ ಬೇರೆ ಡ್ರೈವರ್ ಬರುತ್ತಾನೆ ಅಂದರು ವ್ಯಾನಿನ ಓನರ್.

"ನಾನು ಸ್ಕೂಲ್ ಗೇಟ್ ಬುಟ್ಟು ಎಲ್ಲೂ ಓಗಿಲ್ಲ ಸಾರ್," ಅಂದ ಮಾದೇಶ. ಅಷ್ಟೇ. ವಾದ ಮಾಡಲಿಲ್ಲ. ನನಗೆ ಅದೇ ಚುಚ್ಚಿತು.

ನನಗೊಂದು ಹುಚ್ಚಿದೆ. ಐಸ್‌ಕ್ರೀಮ್ ಡಬ್ಬಿಯೊಳಗೆ ಪುಟ್ಟ ಜಿಪಿಎಸ್ ಮಾಡ್ಯೂಲು, ಒಂದು ಬೋರ್ಡು, ಪವರ್ ಬ್ಯಾಂಕು. ಎಲ್ಲ ಸೇರಿ ಒಂದು ಜೊತೆ ಒಳ್ಳೆ ಚಪ್ಪಲಿಯ ಬೆಲೆ. ಎಷ್ಟು ಉಪಗ್ರಹ ಸಿಗುತ್ತಿವೆ, ಸಿಗ್ನಲ್ ನಡುವೆ ಗದ್ದಲ ಎಷ್ಟು ಎಂದು ಸೆಕೆಂಡಿಗೊಮ್ಮೆ ಬರೆದಿಡುತ್ತದೆ. (ಇದರಿಂದ ಮನೆಗೇನು ಉಪಯೋಗ ಎಂದು ಹೆಂಡತಿ ಕೇಳುತ್ತಲೇ ಇರುತ್ತಾಳೆ.)

ಡಬ್ಬಿ ಹಿಡಿದು ಎರಡು ದಿನ ಸ್ಕೂಲ್ ಗೇಟಿನ ಪಕ್ಕದ ಟೀ ಅಂಗಡಿಯಲ್ಲಿ ಕೂತೆ. ವ್ಯಾನು ನಿಂತ ಜಾಗ ಬಿಟ್ಟು ಅಲ್ಲಾಡಲಿಲ್ಲ. ಮೂರೂವರೆಗೆ ಎಳನೀರು ತುಂಬಿದ ಟೆಂಪೊ ಒಂದು ಅದರ ಪಕ್ಕ ಬಂದು ನಿಂತಿತು. ಡಬ್ಬಿಯಲ್ಲಿ ಹದಿನಾಲ್ಕು ಉಪಗ್ರಹ ಇದ್ದದ್ದು ಸೊನ್ನೆ. ಗದ್ದಲ ಮಾತ್ರ ಮೇಲೆ. ಟೆಂಪೊ ಹೊರಟಿತು, ಉಪಗ್ರಹಗಳು ವಾಪಸ್. ಮರುದಿನವೂ ಅದೇ ಕಥೆ.

ಅಂದರೆ ಟೆಂಪೊದಲ್ಲಿ ಜಾಮರ್, ಸಿಗ್ನಲ್ ಮುಳುಗಿಸುವ ಯಂತ್ರ. ಉಪಗ್ರಹದ ಸಿಗ್ನಲ್ಲು ನಮ್ಮೂರು ತಲುಪುವಷ್ಟರಲ್ಲಿ ಪಿಸುಮಾತು. ಪಕ್ಕದಲ್ಲೇ ವಾಲಗ ಊದಿದರೆ ಕೇಳುತ್ತದೆಯೇ?

ಟೆಂಪೊ ಡ್ರೈವರ್ ಏನೂ ಮುಚ್ಚಿಡಲಿಲ್ಲ. ಸಿಗರೇಟ್ ಲೈಟರ್ ತೂತಿನಲ್ಲಿ ಬೆರಳುದ್ದದ ಪ್ಲಗ್ಗು. ಟೀಗೆ ನಿಂತರೂ ಮಳವಳ್ಳಿಯಿಂದ ಅವನ ಓನರ್ ಜಿಪಿಎಸ್ ನೋಡಿ ಫೋನ್ ಮಾಡುತ್ತಾರಂತೆ, ಯಾಕೆ ನಿಂತೆ ಅಂತ. ಸಿಗ್ನಲ್ ಇಲ್ಲದಿದ್ದರೆ ನೆಮ್ಮದಿ.

"ನಮ್ ಗಾಡಿ ಮಾತ್ರ ಕಾಣಾಕಿಲ್ಲ ಅಂದ್ಕಂಡಿದ್ದೆ ಸಾರ್. ಪಕ್ಕದೋರ್ದೂ ಓಯ್ತದಾ?"

"ಪಕ್ಕದವನ ಕೆಲಸವೇ ಹೋಗೋದ್ರಲ್ಲಿದೆ. ಇದನ್ನ ಇಟ್ಕೊಳ್ಳೋದೂ ಕಾನೂನಿಗೆ ವಿರುದ್ಧ," ಅಂದೆ.

ಅವನು ಮುಖ ಸಣ್ಣ ಮಾಡಿಕೊಂಡು ಪ್ಲಗ್ಗು ಕಿತ್ತು ಜೇಬಿಗಿಟ್ಟ. (ಜೇಬಿಗೆ, ಮೋರಿಗಲ್ಲ. ಗಮನಿಸಿದೆ.)

ಡಬ್ಬಿಯ ಗ್ರಾಫನ್ನು ಗ್ರೂಪಿಗೆ ಹಾಕಿದೆ. ಸಾಲುಸಾಲು ಕೈಮುಗಿದ ಎಮೋಜಿ. ಮಾದೇಶನೇ ಇರಲಿ ಅಂದರು ವ್ಯಾನಿನ ಓನರ್.

ಸಂಜೆ ಮಗಳನ್ನು ಇಳಿಸಲು ಬಂದ ಮಾದೇಶನಿಗೆ ಅದನ್ನೆಲ್ಲ ತೋರಿಸಿದೆ. ಖುಷಿಪಡುತ್ತಾನೆ ಅಂದುಕೊಂಡಿದ್ದೆ. ಅವನು ಪೂರ್ತಿ ಓದಿ ಮೊಬೈಲು ವಾಪಸ್ ಕೊಟ್ಟ.

"ಎಂಟು ವರ್ಸದಿಂದ ಇವರ ಮಕ್ಕಳ್ನ ಕೈ ಇಡ್ದು ಇಳಿಸ್ತಾ ಇವ್ನಿ. ನಾನ್ ಏಳುದ್ರೆ ಒಬ್ರೂ ನಂಬ್ನಿಲ್ಲ, ನಿಮ್ ಡಬ್ಬಿ ಏಳುದ್ರೆ ನಂಬುದ್ರಲ್ಲ ಸಾರ್?"