ಲ್ಯಾಮಿನೇಷನ್ ಮತ್ತು ನನ್ನ ಹೆಂಡತಿಯ ಎರಡು ವರ್ಷ

ನಮ್ಮ ಜನ ಪ್ಲಾಸ್ಟಿಕ್ಕಿಗೆ ತೋರಿಸುವಷ್ಟು ಭಕ್ತಿಯನ್ನು ದೇವರಿಗೂ ತೋರಿಸುವುದಿಲ್ಲ ಎಂದು ನನಗೆ ಆಗಾಗ ಅನ್ನಿಸುತ್ತದೆ. ಹೊಸ ಸೋಫಾದ ಕವರು ತೆಗೆಯುವುದಿಲ್ಲ. ಟಿವಿ ರಿಮೋಟು ಕವರಿನೊಳಗೇ ಮುದಿಯಾಗುತ್ತದೆ. ಮಾರ್ಕ್ಸ್ ಕಾರ್ಡಂತೂ ಕೈಗೆ ಬಂದ ದಿನವೇ ಜೆರಾಕ್ಸ್ ಅಂಗಡಿಗೆ ಹೋಗಿ ಲ್ಯಾಮಿನೇಷನ್ ಆಗಿಬಿಡಬೇಕು. ಹುಬ್ಬಳ್ಳಿಯ ನನ್ನ ಮಾವನವರು ಮಗಳ ಮೇಲಿನ ಅಕ್ಕರೆಯಿಂದ ಮಾಡಿಸಿದ್ದೂ ಅದನ್ನೇ.

ಆ ಮಗಳು, ಅಂದರೆ ನನ್ನ ಹೆಂಡತಿ ಶಶಿಕಲಾ, ಕಾನೂನು ಓದುತ್ತಿದ್ದವಳು. ಎರಡು ವರ್ಷ ಮುಗಿಸುವಷ್ಟರಲ್ಲಿ ಮದುವೆಯಾಗಿ ನನ್ನೊಂದಿಗೆ ಕತಾರಿಗೆ ಬಂದಳು. ಅಲ್ ವಕ್ರಾದ ಫ್ಲ್ಯಾಟಿನಲ್ಲಿ ಮಕ್ಕಳು ಬೆಳೆದು ದೊಡ್ಡವರಾದ ಮೇಲೆ, ಇಲ್ಲಿನ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಕ್ರಿಮಿನಲ್ ಜಸ್ಟಿಸ್ ಓದುತ್ತೇನೆ ಎಂದಳು. ಅಪರಾಧ, ಪೊಲೀಸು, ಕೋರ್ಟು, ಜೈಲು ಎಲ್ಲ ಸೇರಿದ ಓದು ಅದು. ಹಳೆಯ ಎರಡು ವರ್ಷವನ್ನು ಅವರು ಒಪ್ಪಿಕೊಂಡರೆ ನಡುವಿನಿಂದ ಶುರು, ಇಲ್ಲದಿದ್ದರೆ ಮೊದಲಿನಿಂದ. "ಮೊದ್ಲಿಂದ ಓದೂದು ನನ್ನ ಕೈಲೆ ಆಗೂದಿಲ್ರಿ" ಎಂದು ಅವಳು ಕಡ್ಡಿ ಮುರಿದಂತೆ ಹೇಳಿದ್ದಳು.

ಇದಕ್ಕೆ ಕ್ರೆಡಿಟ್ ಟ್ರಾನ್ಸ್‌ಫರ್ ಎನ್ನುತ್ತಾರೆ. ನಮಗೇನೂ ಹೊಸದಲ್ಲ ಬಿಡಿ. ಹಿಂದಿನ ಜನ್ಮದ ಪುಣ್ಯವನ್ನು ಈ ಜನ್ಮಕ್ಕೆ ಜಮಾ ಮಾಡಿಕೊಳ್ಳುವ ಪದ್ಧತಿಯನ್ನು ನಮ್ಮ ಹಿರಿಯರು ಎಂದೋ ಕಂಡುಹಿಡಿದಿದ್ದಾರೆ. ಆದರೆ ಪುಣ್ಯಕ್ಕೆ ಯಾರೂ ಅಟೆಸ್ಟೇಷನ್ ಕೇಳುವುದಿಲ್ಲ. ಮಾರ್ಕ್ಸ್ ಕಾರ್ಡಿಗೆ ಕೇಳಿದರು. ಮೂಲ ಪ್ರತಿಯ ಬೆನ್ನಿಗೆ ಸರ್ಕಾರದ ಮುದ್ರೆ ಬೀಳಬೇಕು, ಪ್ಲಾಸ್ಟಿಕ್ಕಿನ ಮೇಲೆ ಮುದ್ರೆ ಒತ್ತುವುದಿಲ್ಲ.

ಇಸ್ತ್ರಿ ಪೆಟ್ಟಿಗೆಯ ಶಾಖಕ್ಕೆ ಲ್ಯಾಮಿನೇಷನ್ ಬಿಟ್ಟುಕೊಳ್ಳುತ್ತದೆ ಎಂದು ನಾನು ಎಲ್ಲೋ ನೋಡಿದ್ದೆ. ತೋಳೇರಿಸಿ ನಿಂತೆ. ಮೊದಲು ನಿಮ್ಮದರ ಮೇಲೆ ಮಾಡಿ ತೋರಿಸಿ ಎಂದಳು ಶಶಿಕಲಾ. ನನ್ನ ಪದವಿಪತ್ರದ ಪ್ಲಾಸ್ಟಿಕ್ಕು ಬಿಟ್ಟಿತು, ನಿಜ. ಅದರ ಜೊತೆಗೆ ಕುಲಪತಿಗಳ ಸಹಿಯೂ ನನ್ನ ಅರ್ಧ ಹೆಸರೂ ಎದ್ದುಬಂದವು. ಅಂದಿನಿಂದ ನಾನು ಅರ್ಧ ಪದವೀಧರ. ಕೊನೆಗೆ ಅವಳ ತಮ್ಮ ವಿಶ್ವವಿದ್ಯಾಲಯಕ್ಕೆ ಅಲೆದು, ಹೊಸ ಪ್ರತಿ ತೆಗೆಸಿ, ಮುದ್ರೆ ಹಾಕಿಸಿ ಕಳಿಸಿಕೊಟ್ಟ.

ಕಾಲೇಜಿನ ಮೇಡಂ ನಮ್ಮೆದುರೇ ಒಂದೊಂದು ವಿಷಯವನ್ನೂ ಪರಿಶೀಲಿಸಿದರು. ಇಂಗ್ಲಿಷ್ ಆಯಿತು, ಸಮಾಜಶಾಸ್ತ್ರ ಆಯಿತು. ಅಪರಾಧ ಕಾನೂನಿಗೆ ಬಂದಾಗ ಅಡ್ಡಡ್ಡ ತಲೆಯಾಡಿಸಿದರು. ನಿಮ್ಮ ದೇಶದ ಕಾಯ್ದೆ ಇಲ್ಲಿ ನಡೆಯುವುದಿಲ್ಲ ಎಂದರು. ಖಲಾಸ್ ಎಂದುಕೊಂಡ ನಾನು, ಹೋಗಲಿ ಬಿಡು, ಸಿಕ್ಕಷ್ಟೇ ಲಾಭ ಎಂದು ಅವಳ ಕಿವಿಯಲ್ಲಿ ಪಿಸುಗುಟ್ಟಿದೆ.

"ನೀವು ಸುಮ್ನ ಕುಂದರ್ರಿ" ಎಂದಳು.

ಆಮೇಲೆ ಮೇಡಂ ಕಡೆ ತಿರುಗಿ ಇಂಗ್ಲಿಷಿನಲ್ಲಿ ಶುರು ಮಾಡಿದಳು. ಕಾಯ್ದೆ ಬೇರೆ, ಒಪ್ಪಿದೆ. ಆದರೆ ಬೇಕೆಂದೇ ಮಾಡಿದ ತಪ್ಪು ಯಾವುದು, ಕೈಮೀರಿ ಆದದ್ದು ಯಾವುದು ಎಂದು ಬೇರ್ಪಡಿಸುವ ವಿದ್ಯೆ ಎಲ್ಲ ಕಡೆಯೂ ಒಂದೇ ಅಲ್ಲವೇ? ಮೇಡಂ ಪೆನ್ನು ಕೆಳಗಿಟ್ಟು, ವಿವರಿಸಿ ಎಂದರು. ಉದಾಹರಣೆಗೆ ಅವಳು ಆರಿಸಿಕೊಂಡದ್ದು ನನ್ನ ಇಸ್ತ್ರಿ ಪ್ರಸಂಗವನ್ನು. ಆರೋಪಿ ಪಕ್ಕದಲ್ಲೇ ಕೂತಿದ್ದ. ದುರುದ್ದೇಶವಿಲ್ಲ, ಬರೀ ನಿರ್ಲಕ್ಷ್ಯ ಎಂದು ತೀರ್ಪನ್ನೂ ಕೊಟ್ಟಳು. ಮೇಡಂ ಮನಸಾರೆ ನಕ್ಕರು. ಕೆಲವು ದಿನಗಳಲ್ಲಿ ಆ ವಿಷಯವೂ ಸೇರಿ ಎರಡು ವರ್ಷಕ್ಕೂ ಒಪ್ಪಿಗೆ ಬಂತು. ಆಫೀಸಿನಲ್ಲಿ ಕೇಳದವರಿಗೂ ನಾನು ಹೇಳಿಕೊಂಡು ತಿರುಗಿದೆ.

ಈ ದೇಶದಲ್ಲಿ ಅವಳಿರುವುದು ನನ್ನ ವೀಸಾದ ನೆರಳಿನಲ್ಲಿ. ಬ್ಯಾಂಕಿರಲಿ, ಆಸ್ಪತ್ರೆಯಿರಲಿ, ಅವಳನ್ನು ಮೊದಲು ಕೇಳುವುದು ಗಂಡನ ಹೆಸರನ್ನೇ. ಮೊದಲ ತರಗತಿಯ ದಿನ ಬಿಟ್ಟುಬರಲು ಹೋದೆ. ಅವಳು ತನ್ನ ಕಾಲೇಜು ಕಾರ್ಡು ತೋರಿಸಿ ಸರಸರನೆ ಒಳಗೆ ನಡೆದಳು. ಹಿಂದೆಯೇ ಹೊರಟ ನನ್ನನ್ನು ಗಾರ್ಡು ತಡೆದು, ನೀವು ಯಾರು ಎಂದು ಹಿಂದಿಯಲ್ಲಿ ಕೇಳಿದ.

ಈಗ ಒಳಗೆ ಹೋದರಲ್ಲ, ಶಶಿಕಲಾ, ಅವರ ಗಂಡ ಎಂದೆ.

ಹಾಗಾದರೆ ಹೊರಗೇ ಇರಿ ಎಂದ. ಹೊರಗೇ ನಿಂತೆ. ಇಷ್ಟು ವರ್ಷಗಳಲ್ಲಿ ಯಾವ ಬಾಗಿಲಿನ ಒಳಗೆ ಹೋದಾಗಲೂ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ.