ತಾಹೇರಾ ಅಳಿಸಿದ ಗೆರೆ

ಬಸವಕಲ್ಯಾಣದ ತಾಹೇರಾ ತನ್ನ ಫೋಟೋ ಸ್ಟುಡಿಯೋದಲ್ಲಿ ಮೂವತ್ತು ವರ್ಷ ಮಾಡಿದ್ದು ಒಂದೇ ಕೆಲಸ: ಮಂದಿಯ ಚಿತ್ರದ ಮೇಲಿನ ಕಲೆ ತೆಗೆಯುವುದು. ಮೊದಲು ಅಪ್ಪನ ಪಕ್ಕ ಕೂತು ನೆಗೆಟಿವ್ ಮೇಲೆ ಸಣ್ಣ ಬ್ರಶ್ಶಿನಿಂದ, ಈಗ ಕಂಪ್ಯೂಟರಿನಲ್ಲಿ. ಮದುಮಗಳ ಮೊಡವೆಯಾಗಲಿ, ತೀರಿಹೋದವರ ಹಳೇ ಫೋಟೋದ ಗೀರಾಗಲಿ, ಅವಳ ಕಣ್ಣು ತಪ್ಪಿಸಿಕೊಳ್ಳುತ್ತಿರಲಿಲ್ಲ.

ಹೋದ ಚಳಿಗಾಲದಲ್ಲಿ ಹುಮನಾಬಾದಿನ ನಿವೃತ್ತ ವಿಜ್ಞಾನ ಮಾಸ್ತರ ಮಚ್ಚೇಂದ್ರ ಒಂದು ಪೆನ್‌ಡ್ರೈವ್ ತಂದರು. ಅದರಲ್ಲಿ ಅವರೇ ತೆಗೆದ ಚಿತ್ರಗಳು, ಬರೀ ಸೂರ್ಯ. ಧೂಳಿನ ಚುಕ್ಕೆ ತೆಗೆದುಕೊಡಿ ಎಂದರು. ಇದೆಂಥ ಸೂರ್ಯ, ಮೈಯೆಲ್ಲ ರೋಮ ಇದ್ದಂಗಿದೆ ಎಂದು ಅವಳು ಕೇಳಿದಳು. ಮಾಸ್ತರರಿಗೆ ಅಷ್ಟೇ ಸಾಕಾಯಿತು. ಮುಂದಿನ ವಾರ ತಮ್ಮ ದೂರದರ್ಶಕವನ್ನೇ ಕ್ಯಾಮೆರಾ ಸಮೇತ ಬಸ್ಸಿನಲ್ಲಿ ತಂದು ಅವಳ ಮಾಳಿಗೆಯ ಮೇಲೆ ನಿಲ್ಲಿಸಿದರು. ಹೈಡ್ರೋಜನ್ ಸೂಸುವ ಒಂದೇ ಕೆಂಪು ಬಣ್ಣವನ್ನು ಬಿಟ್ಟುಕೊಂಡು ಉಳಿದ ಬೆಳಕನ್ನೆಲ್ಲ ತಡೆಯುವ ಫಿಲ್ಟರ್ ಅದರಲ್ಲಿತ್ತು. ಅದಿಲ್ಲದೆ ನೋಡಿದರೆ ಕಣ್ಣೇ ಹೋಗುತ್ತದೆಂದು ಮೂರು ಸಲ ಹೇಳಿದರು. ತಮ್ಮ ಕಣ್ಣಿಗೆ ಪೊರೆ ಬಂದಿದೆ, ಆಪರೇಶನ್ ಆಗುವವರೆಗೆ ದಿನಾ ಒಂದು ಚಿತ್ರ ನೀವೇ ತೆಗೆಯಿರಿ ಎಂದು ಬಿಟ್ಟುಹೋದರು.

ಗಿರಾಕಿ ಬರುವ ಮುಂಚೆ ತಾಹೇರಾ ಮಾಳಿಗೆ ಹತ್ತುವಳು. ಸಾವಿರ ಚಿತ್ರ ಸರಸರನೆ ತೆಗೆದು, ನಿಚ್ಚಳವಾದ ನೂರನ್ನು ಒಂದರ ಮೇಲೊಂದು ಕೂಡಿಸಿ ಒಂದು ಮಾಡುವಳು. ನಾಲ್ಕನೆಯ ದಿನ ಸೂರ್ಯನ ನಟ್ಟನಡುವೆ ಕಪ್ಪು ಗೆರೆಯೊಂದು ಕಂಡಿತು, ರೆಪ್ಪೆಯ ಕೂದಲಿನಂಥದು. ಕೈಗೆ ರೂಢಿಯಾದ ಕೆಲಸ, ಅಳಿಸಿಬಿಟ್ಟಳು. ಮರುದಿನವೂ ಇತ್ತು. ಗಾಜು ಒರೆಸಿದಳು, ಕ್ಯಾಮೆರಾ ಬಿಚ್ಚಿ ಊದಿದಳು. ಹೋಗಲಿಲ್ಲ. ಕೊನೆಗೆ ದೂರದರ್ಶಕವನ್ನು ತುಸು ತಿರುಗಿಸಿ ಸೂರ್ಯನನ್ನು ಪರದೆಯ ಮೂಲೆಗೆ ಸರಿಸಿದಳು. ಕ್ಯಾಮೆರಾದೊಳಗಿನ ಕೂದಲಾದರೆ ಇದ್ದಲ್ಲೇ ಉಳಿಯಬೇಕಿತ್ತು. ಗೆರೆ ಸೂರ್ಯನ ಜೊತೆಗೇ ಸರಿಯಿತು.

ಮಾಸ್ತರರಿಗೆ ಫೋನ್ ಹಚ್ಚಿದಳು. "ಮಾಸ್ತರ್ರ, ಸೂರ್ಯನ ಮ್ಯಾಲೆ ಒಂದು ಗೆರಿ ಅದ್ರಿ. ನಿನ್ನೆ ನಾ ಅದನ್ನ ಅಳಿಸಿಬಿಟ್ಟೀನಿ."

ಅವರು ಬಹಳ ಹೊತ್ತು ನಕ್ಕರು. "ಇನ್ನ ಅಳಿಸಬ್ಯಾಡ್ರಿ. ಏನದ ಅಂತ ನಾ ಹೇಳಂಗಿಲ್ಲ. ಅದರ ಬೆನ್ನ ಹತ್ರಿ."

ಬೆನ್ನು ಹತ್ತಿದಳು. ಗೆರೆ ದಿನಕ್ಕಿಷ್ಟು ಬಲಕ್ಕೆ ಸರಿಯುತ್ತಿತ್ತು. ಸೂರ್ಯ ತನ್ನ ಸುತ್ತ ತಾನೇ ತಿರುಗುತ್ತಿದ್ದಾನೆಂಬುದು ಅವಳಿಗೆ ಹೊಳೆಯಲು ಮೂರು ದಿನ ಬೇಕಾಯಿತು. ಮನ್ನಾಏಖೇಳ್ಳಿಯಲ್ಲಿ ಮದುವೆಯ ಫೋಟೋ ತೆಗೆಯುವುದಿತ್ತು. ಬೆಳಗಿನ ಚಿತ್ರ ತಪ್ಪೀತೆಂದು ತಮ್ಮನನ್ನು ಕಳಿಸಿದಳು.

ಮೊದಲ ಸಲ ಕಂಡ ದಿನದಿಂದ ಎಣಿಸಿ ಏಳನೆಯ ದಿನ ಗೆರೆ ಇರಲಿಲ್ಲ. ಅದು ಮುಟ್ಟಬೇಕಾಗಿದ್ದ ಅಂಚಿನಲ್ಲಿ, ಫಿಲ್ಟರಿನಲ್ಲಿ ಕಪ್ಪಾಗಿ ಕಾಣುವ ಆಕಾಶದೊಳಗೆ, ನಿಗಿನಿಗಿ ಹೊಳೆಯುವ ಜ್ವಾಲೆಯೊಂದು ಎದ್ದು ನಿಂತಿತ್ತು. ತಾಹೇರಾ ಗೆರೆ ಅಳಿಸಿದ್ದನ್ನೂ ಸೇರಿಸಿ ಏಳೂ ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿದಳು. ಕಿಟಕಿಯ ಬೆಳಕಿಗೆ ಬೆನ್ನು ಮಾಡಿ ಕೂತವರು ಫೋಟೋದಲ್ಲಿ ಕಪ್ಪಾಗಿ ಬೀಳುವುದು ಅವಳಿಗೆ ಗೊತ್ತಿಲ್ಲದ್ದೇ? ಗೆರೆಯೂ ಜ್ವಾಲೆಯೂ ಒಂದೇ. ಸೂರ್ಯನ ಮುಂದಿದ್ದಾಗ ಕಪ್ಪು, ಆಕಾಶದ ಮುಂದೆ ಬೆಳಕು.

ಅದೇ ಮಧ್ಯಾಹ್ನ ಮಾಸ್ತರರು ಬಸ್ಸು ಹತ್ತಿ ಬಂದು, ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು. "ಪುಸ್ತಕದಾಗ ಓದಿದ್ದೆ. ಹಿಂಗ ಒಂದರ ಬಾಜೂಕ ಒಂದು ಇಟ್ಟು ನೋಡಿದ್ದಿಲ್ಲ," ಎಂದರು.

ಸುತ್ತಿ ಆ ಕಡೆಯಿಂದ ಮತ್ತೆ ಬರುತ್ತದೆಯೇ ಎಂದು ಅವಳು ಕೇಳಿದಳು. ಅಲ್ಲಿಯವರೆಗೆ ಸಿಡಿದು ಹೋಗದಿದ್ದರೆ ಎರಡು ವಾರಕ್ಕೆ ಬಂದೀತು ಎಂದರು. ಎರಡು ವಾರಕ್ಕೆ ಎಡದಂಚಿನಲ್ಲಿ ಸಣ್ಣ ಜ್ವಾಲೆಯೊಂದು ಕಂಡಿತು. ಅದೇ ಹೌದೆಂದು ತಾಹೇರಾ, ಬೇರೆಯೆಂದು ಮಾಸ್ತರರು. ವಾದ ಇನ್ನೂ ಮುಗಿದಿಲ್ಲ.